ಫೋನಿಗೆ ಗೊತ್ತಿದ್ದಷ್ಟು

ಅದೇ ಪ್ರಶ್ನೆಗೆ ಅದು ನಾಲ್ಕನೆಯ ಮೀಟಿಂಗು. ಮೊದಲ ಎರಡರಲ್ಲಿ ಪ್ರಫುಲ್ಲಾಳಿಗೆ ಉತ್ಸಾಹವಿತ್ತು, ಮೂರನೆಯದರಲ್ಲಿ ಸಿಟ್ಟಿತ್ತು. ಈಗ ಎರಡೂ ಇರಲಿಲ್ಲ. ಮಧ್ಯಾಹ್ನ ಉಂಡದ್ದು ಇನ್ನೂ ಕರಗಿರಲಿಲ್ಲ, ಉತ್ತರ ಸ್ವೀಡನ್ನಿನ ಉಮೆಯೊದ ಆ ಸಣ್ಣ ಕಚೇರಿಯ ಕಿಟಕಿಯಾಚೆ ಆಗಲೇ ಕತ್ತಲಾಗಿತ್ತು. ನವೆಂಬರ್ ಮುಗಿಯುತ್ತ ಬಂದಿತ್ತು. ಹಿಮ ಬಿದ್ದಿದ್ದರೆ ಅದರ ಬಿಳುಪಿಗಾದರೂ ಊರು ಕೊಂಚ ಬೆಳಗಿರುತ್ತಿತ್ತು, ಈ ಸಲ ಅದೂ ತಡ.

ಅವರು ಮಾಡುತ್ತಿದ್ದದ್ದು ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುವವರಿಗೊಂದು ಆ್ಯಪ್. ಸ್ವೀಡನ್ನಿನಲ್ಲಿ ಮುದುಕರು ಕೈಲಾಗುವ ತನಕ, ಎಷ್ಟೋ ಸಲ ಕೈಲಾಗದ ಮೇಲೂ, ತಮ್ಮ ಮನೆಯಲ್ಲೇ ಇರುತ್ತಾರೆ. ಕೊಮ್ಯೂನ್, ಎಂದರೆ ಊರಿನ ಆಡಳಿತ, ಬೆಳಿಗ್ಗೆ ಸಂಜೆ ಜನರನ್ನು ಕಳಿಸುತ್ತದೆ. ಹಾಗೆ ಹೋಗುವವರ ಕೈಯಲ್ಲೊಂದು ಫೋನು. ಯಾರ ಮನೆ, ಬಾಗಿಲಿನ ಕೋಡ್ ಏನು, ಯಾವ ಮಾತ್ರೆ, ಕಾಲಿಗೆ ಬಿಗಿ ಕಾಲುಚೀಲ ಹಾಕಬೇಕೋ ಬೇಡವೋ, ಎಲ್ಲ ಅದರಲ್ಲೇ. ಪ್ರಶ್ನೆ ಇಷ್ಟೇ: ಇದನ್ನೆಲ್ಲ ಫೋನು ಬೆಳಿಗ್ಗೆಯೇ ಒಮ್ಮೆ ಸರ್ವರಿನಿಂದ ತಂದು ತನ್ನೊಳಗೆ ಇಟ್ಟುಕೊಳ್ಳಬೇಕೋ, ಒಂದೊಂದು ಮನೆಯ ಹೆಸರು ಒತ್ತಿದಾಗಲೂ ಸರ್ವರನ್ನು ಹೊಸದಾಗಿ ಕೇಳಬೇಕೋ?

ಪ್ರಫುಲ್ಲಾ ಇಟ್ಟುಕೊಳ್ಳಬೇಕು ಎನ್ನುತ್ತಿದ್ದಳು. ಆ್ಯಪ್ ಕೊಳ್ಳಲಿದ್ದ ಕೊಮ್ಯೂನ್ ಒಳನಾಡಿನಲ್ಲಿತ್ತು. ಅಲ್ಲಿ ಮನೆಗಿಂತ ಮರ ಹೆಚ್ಚು, ಮರಗಳ ನಡುವೆ ನೆಟ್‌ವರ್ಕ್ ಬಂದರೆ ಬಂತು. ಧೀರಜ್ ಪ್ರತಿ ಸಲವೂ ಕೇಳಲೇಬೇಕು ಎನ್ನುತ್ತಿದ್ದ. ಅವನು ಕುಂದಾಪುರದವನು, ಕಂಪನಿಯ ಯೋನ್‌ಶೋಪಿಂಗ್ ಶಾಖೆಯಲ್ಲಿ ಕೂತು ಗೋಡೆಯ ಮೇಲಿನ ಪರದೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ.

"ಫೋನ್ ಕಳೆದುಹೋದರೆ?" ಎಂದು ಅವನು ಮತ್ತೆ ಕೇಳಿದ. "ಅಷ್ಟೂ ಮನೆಗಳ ಬಾಗಿಲಿನ ಕೋಡ್, ಅಷ್ಟೂ ಜನರ ಕಾಯಿಲೆ, ಬಸ್ಸಿನಲ್ಲಿ ಸಿಕ್ಕವರ ಕೈಗೆ ಹೋಗುತ್ತೆ. ಅದೂ ಅಲ್ಲದೆ ಬೆಳಿಗ್ಗೆ ತಂದಿಟ್ಟದ್ದು ಹೊತ್ತೇರುವಷ್ಟರಲ್ಲಿ ಹಳಸಿರುತ್ತೆ. ಹಳಸಿದ್ದನ್ನ ಬಡಿಸಬಾರದು."

"ಹಸಿದವರ ಮುಂದೆ ಖಾಲಿ ತಟ್ಟೆ ಇಡಬಹುದೇನು?" ಎಂದಳು ಪ್ರಫುಲ್ಲಾ. ಈ ಮಾತನ್ನೂ ಅವಳು ಹಿಂದಿನ ಮೀಟಿಂಗಿನಲ್ಲಿ ಆಡಿಯಾಗಿತ್ತು.

ಮೇಜಿನ ತುದಿಯಲ್ಲಿ ಕೂತಿದ್ದ ಆನೆಲಿ ಕಂಪನಿಯ ಒಡತಿ. ಆದರೆ ಒಡತಿಯಂತೆ ಒಂದು ಮಾತನ್ನೂ ಆಡಿದವಳಲ್ಲ. ಇಲ್ಲಿ ಯಾರೂ ಯಾರಿಗೂ 'ಹೀಗೆ ಮಾಡು' ಎನ್ನುವುದಿಲ್ಲ, ಎಲ್ಲರ ತಲೆಯೂ ಒಂದೇ ದಿಕ್ಕಿಗೆ ಆಡುವ ತನಕ ಕಾಫಿ ಕುಡಿಯುತ್ತಾರೆ. ಬಂದ ಹೊಸತರಲ್ಲಿ ಪ್ರಫುಲ್ಲಾಳಿಗೆ ಇದು ಎಂಥ ದೊಡ್ಡ ಗುಣ ಎನಿಸಿತ್ತು.

"ಇಬ್ಬರ ಮಾತೂ ಸರಿ ಅಂತ ನನಗನಿಸುತ್ತೆ," ಎಂದಳು ಆನೆಲಿ. "ಪ್ರಫುಲ್ಲಾ, ನೀನು ಮಾಡಿದ ಆ್ಯಪ್ ಓಡುವ ಸ್ಥಿತಿಯಲ್ಲಿದೆಯಲ್ಲ? ಒಂದು ದಿನ ಅಲ್ಲಿಗೇ ಹೋಗಿ ನೋಡಿಕೊಂಡು ಬಾ. ಆಮೇಲೆ ಮಾತಾಡೋಣ. ಈಗ ಫೀಕಾ."

ಎಲ್ಲರೂ ಕಾಫಿಗೆ ಎದ್ದರು. ಪರದೆಯ ಮೇಲಿನ ಧೀರಜ್ ಕೈ ಎತ್ತಿ ಮಾಯವಾದ. ಅವನೂ ಅವಳೂ ಒಂದೇ ವರ್ಷ ಈ ದೇಶಕ್ಕೆ ಬಂದವರು, ಒಂದೇ ತರಹದ ವರ್ಕ್ ಪರ್ಮಿಟ್ಟಿನ ಮೇಲೆ ಒಂದೇ ತರಹದ ದಿಗಿಲು ಪಟ್ಟವರು. ಯುಗಾದಿಗೆ ಅವಳ ಮನೆಗೆ ಬಂದು ಹೋಳಿಗೆ ತಟ್ಟಲು ಕೂತಿದ್ದ. ಇಬ್ಬರ ನಡುವೆ 'ನೀನು' ಬಿಟ್ಟರೆ ಬೇರೆ ಮಾತಿರಲಿಲ್ಲ. ಈ ಒಂದು ತಿಂಗಳಲ್ಲಿ ಅವನು 'ನೀವು' ಎನ್ನತೊಡಗಿದ್ದ, ಅವಳೂ ಹಾಗೇ ಉತ್ತರಿಸತೊಡಗಿದ್ದಳು.

ಸಂಜೆ ಡಾಗಿಸ್‌ನಿಂದ, ಎಂದರೆ ಶಿಶುವಿಹಾರದಿಂದ, ಮಗಳನ್ನು ಕರೆತರುವಾಗ ಎಂದಿನ ರಂಪವಾಯಿತು. ಐದು ವರ್ಷದ ದಿಯಾ ಚಳಿಯ ಅಂಗಿ ಹಾಕಿಕೊಳ್ಳಲು ಒಲ್ಲೆನೆಂದು ನೆಲದ ಮೇಲೆ ಮಲಗಿಬಿಟ್ಟಳು.

"ಏಳವ್ವಾ, ಬಸ್ ಹೋಗ್ತದ."

"ಯಾ ವಿಲ್ ಇಂತೆ," ಎಂದಳು ದಿಯಾ. ಬೇಡ ಎನ್ನಬೇಕಾದಾಗೆಲ್ಲ ಅವಳಿಗೆ ಸ್ವೀಡಿಷ್ಷೇ ಬರುವುದು. ಪ್ರಫುಲ್ಲಾ ಅವಳ ಪಕ್ಕದಲ್ಲಿ ಕೂತಳು. ಒಂದು ಗಳಿಗೆ ತನಗೂ ಅಲ್ಲೇ ಮಲಗಿಬಿಡೋಣ ಎನಿಸಿತು.

ಗಂಡ ರಘುನಾಥನಿಗೆ ಎಸ್ಕಿಲ್‌ಸ್ಟುನಾದಲ್ಲಿ ಕೆಲಸ. ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಭಾಗಗಳನ್ನು ವಿನ್ಯಾಸ ಮಾಡುವವನು. ವಾರ ಬಿಟ್ಟು ವಾರ ಶುಕ್ರವಾರ ರೈಲು ಹತ್ತಿ ಬರುತ್ತಿದ್ದ. ಊಟವಾದ ಮೇಲೆ ಅವನ ಫೋನು ಬಂತು.

"ಯಾಕ, ದನಿ ಹಿಂಗ್ಯಾಕ ಆಗೇದ?"

"ಏನಿಲ್ರೀ. ಸಾಕಾಗೇದ."

"ಧೀರಜ್ ಜೊತಿ ಮತ್ತ ಜಗಳೇನು?"

"ಜಗಳ ಆಡಾಕೂ ತ್ರಾಣ ಬೇಕಲ್ಲ." ಗದಗಿನ ಮಾತು ಅವಳ ಬಾಯಿಗೆ ಬರುತ್ತಿದ್ದದ್ದು ಗಂಡ, ಮಗಳ ಜೊತೆ ಮಾತ್ರ. "ಮುಂದಿನ ವಾರ ನಾ ಒಳಗಿನ ಊರಿಗೆ ಹೋಗ್ಬೇಕು. ಹಿಂದಿನ ದಿನಾನ ಹೋಗಿ ಅಲ್ಲೇ ಇರಬೇಕಾಗ್ತದ. ದಿಯಾನ ಯಾರ ನೋಡ್ಕೋಬೇಕು?"

"ನಾ ಬರ್ತೀನಿ ತಗೋ. ಎರಡ ದಿನ ಅಲ್ಲಿಂದನ ಕೆಲಸ ಮಾಡಿದ್ರಾತು."

ಅಷ್ಟು ಸಲೀಸಾಗಿ ಒಂದು ಸಂಗತಿ ಬಗೆಹರಿದದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅವನಿಗೆ ಗೊತ್ತಾಗದ ಹಾಗೆ ಫೋನಿಟ್ಟಳು.

ಮುಂದಿನ ವಾರ ಒಳನಾಡಿನ ಆರೈಕೆಯವರ ಕಚೇರಿಯ ಎದುರು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಪ್ರಫುಲ್ಲಾ ಮನೆಮನೆಗೆ ಹೋಗುವ ಮಾರಿತಾಳ ಸಣ್ಣ ಕಾರು ಹತ್ತಿದಳು. ಅಲ್ಲಿ ಹಿಮ ಆಗಲೇ ಮೊಣಕಾಲುದ್ದ ಬಿದ್ದಿತ್ತು. ಮಾರಿತಾಳಿಗೆ ಅರವತ್ತರ ಹತ್ತಿರ. ಜನರನ್ನು ಎತ್ತಿ ಎತ್ತಿ ಬಲಭುಜ ಸೋತುಹೋಗಿ, ಬಲಗಡೆಯಿದ್ದ ಗೇರನ್ನೂ ಎಡಗೈ ಚಾಚಿಯೇ ಬದಲಿಸುತ್ತಿದ್ದಳು. ಮಾತು ಕಡಿಮೆ. ಆ ಉತ್ತರದ ಜನರಿಗೆ 'ಹೌದು' ಎನ್ನುವುದೂ ಮಾತಲ್ಲ, ತುಟಿ ಚೂಪು ಮಾಡಿ ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡರೆ ಹೌದು ಎಂದು ಅರ್ಥ.

ಮಾರಿತಾಳ ಕೆಲಸದ ಫೋನಿನಲ್ಲಿ ಪ್ರಫುಲ್ಲಾ ತನ್ನ ಆ್ಯಪನ್ನು ಹಾಕಿಕೊಟ್ಟಳು. ಅದು ಕಚೇರಿಯ ನೆಟ್‌ವರ್ಕಿನಲ್ಲಿ ಆ ದಿನದ ಎಲ್ಲ ಮನೆಗಳ ಮಾಹಿತಿಯನ್ನು ತಂದಿಟ್ಟುಕೊಂಡಿತು. ಕೊನೆಗೊಂದು ಹಸಿರು ಗುರುತು ಮೂಡಿ, 'ಇಂದಿನದೆಲ್ಲ ಸಿದ್ಧ' ಎಂದಿತು. ಆ ಹಸಿರು ಗುರುತಿನ ಬಗ್ಗೆ ಪ್ರಫುಲ್ಲಾಳಿಗೆ ಒಳಗೊಳಗೇ ಹೆಮ್ಮೆ.

ಮೊದಲ ಮನೆ ಕಾಡಿನೊಳಗಿತ್ತು. ನೆಟ್‌ವರ್ಕಿನ ಒಂದು ಗೆರೆಯೂ ಇಲ್ಲ. ಫೋನು ಒತ್ತಿದೊಡನೆ ಬಾಗಿಲಿನ ಕೋಡ್, ಮಾತ್ರೆ, ಗಂಜಿಗೆ ಎಷ್ಟು ಹಾಲು ಎಂಬುದರ ತನಕ ತೋರಿಸಿತು. ಎರಡನೆಯ ಮನೆಯಲ್ಲೂ ಹಾಗೇ.

"ಹಳೆಯ ಆ್ಯಪ್ ಆಗಿದ್ದರೆ ಪರದೆ ಮೇಲೆ ಈಗಲೂ ಚಕ್ರ ತಿರುಗ್ತಾ ಇರ್ತಿತ್ತು," ಎಂದಳು ಮಾರಿತಾ. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆಯೇ. ಪ್ರಫುಲ್ಲಾ ಸೀಟಿಗೆ ಒರಗಿ, ಮುಂದಿನ ಮೀಟಿಂಗಿನಲ್ಲಿ ಧೀರಜ್‌ಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳತೊಡಗಿದಳು.

ದಾರಿ ಒಂದು ದಿಬ್ಬ ಹತ್ತಿತು. ಮೇಲೆ ಮರ ಕಡಿದ ಬಯಲು, ದೂರದಲ್ಲೊಂದು ಟವರಿನ ಕೆಂಪು ದೀಪ. ಆಚೆ ಇಳಿದರೆ ಹೆಪ್ಪುಗಟ್ಟುತ್ತಿದ್ದ ಕೆರೆ, ಕೆರೆಯ ದಡದಲ್ಲಿ ಹಳದಿ ಬಣ್ಣದ ಮನೆ. ಅಲ್ಲಿದ್ದದ್ದು ಅಸ್ತಾ ಎಂಬ ಅಜ್ಜಿ, ತೊಂಬತ್ತು ದಾಟಿದವಳು. ಮಾರಿತಾ ಆ ಮನೆಗೆ ಹೋಗತೊಡಗಿ ಆರು ವರ್ಷ ಕಳೆದಿತ್ತು.

ಅಂಗಳದಲ್ಲಿ ಒಂದು ಕಾರು ನಿಂತಿತ್ತು. "ಹೋಕನ್ ಬಂದಿದ್ದಾನಲ್ಲ, ಅಸ್ತಾಳ ಮಗ," ಎಂದಳು ಮಾರಿತಾ. "ಇಷ್ಟು ಬೇಗ!"

ಅವಳು ಬಾಗಿಲು ತೆರೆದು, ಬೂಟು ಕಳಚುತ್ತಲೇ ಒಳಗೆ ಕೂಗಿದಳು. ಅಸ್ತಾಳಿಗೆ ಕಿವಿ ಮಂದ, ಕೂಗಿಯೇ ಮಾತಾಡಬೇಕಿತ್ತು. "ಗುಮೊರೊನ್, ಅಸ್ತಾ! ಇನ್ನೂ ಮಲಗಿದೀಯಾ, ಸೋಮಾರಿ? ಇವತ್ತು ಅತಿಥಿ ಬೇರೆ ಕರ್ಕೊಂಡು ಬಂದಿದೀನಿ, ಎದ್ದು ಚಂದ ಕಾಣೋ ಹಾಗೆ ಕೂತ್ಕೋ!"

ಅಡುಗೆಮನೆಯಿಂದ ಒಬ್ಬ ದೊಡ್ಡ ಆಳು ಹೊರಬಂದ. ಅವನಿಗೂ ಅರವತ್ತಾಗಿರಬೇಕು. ಕೋಟು ಕೂಡ ತೆಗೆದಿರಲಿಲ್ಲ. ಮಾರಿತಾಳನ್ನು ನೋಡಿದ, ಅವಳ ಹಿಂದಿದ್ದ ಪ್ರಫುಲ್ಲಾಳನ್ನು ನೋಡಿದ.

"ನಿಮಗೆ ಹೇಳಲಿಲ್ವಾ?" ಎಂದ. "ಅಮ್ಮ ಬೆಳಗಿನ ಜಾವ ಹೋದಳು. ರಾತ್ರಿ ಪಾಳಿಯ ನರ್ಸ್ ಇಲ್ಲೇ ಇದ್ದಳು. ಎಲ್ಲ ದಾಖಲೆ ಮಾಡ್ತೀನಿ, ಬೆಳಿಗ್ಗೆ ಬರೋರಿಗೆ ಗೊತ್ತಾಗಿರುತ್ತೆ ಅಂತ ಹೇಳಿ ಹೋದಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲ. ಮಾರಿತಾ ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರೀ ಕಾಲುಚೀಲದೊಡನೆ ನಿಂತಿದ್ದಳು. ಅವಳ ಕೂಗು ಇನ್ನೂ ಮನೆಯೊಳಗೆ ಎಲ್ಲೋ ಇದ್ದಂತಿತ್ತು. ಪ್ರಫುಲ್ಲಾಳಿಗೆ ತಾನೇ ಕೂಗಿದಂತೆ ಮೈ ಬಿಸಿಯಾಯಿತು.

"ನಾನು ಒಳಗೆ ಹೋಗಬಹುದಾ?" ಎಂದು ಮಾರಿತಾ ಕೊನೆಗೆ ಕೇಳಿದಳು.

ಅಸ್ತಾ ಸಣ್ಣಗೆ, ಹಾಸಿಗೆಯ ಒಂದು ಬದಿಗೆ ಮಲಗಿದ್ದಳು. ಕಿಟಕಿಯ ಬಳಿ ಮೇಣದ ಬತ್ತಿ ಉರಿಯುತ್ತಿತ್ತು. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟಿದ್ದರು. ಜೀವ ಹೊರಗೆ ಹೋಗಲಿ ಎಂದು ಹೀಗೆ ಮಾಡುತ್ತಾರಂತೆ. ಶವ ಒಯ್ಯುವ ಗಾಡಿ ಬರಲು ಮಧ್ಯಾಹ್ನವಾಗುತ್ತದೆಂದು ಹೋಕನ್ ಹೇಳಿದ. ಅಸ್ತಾಳ ತಲೆಗೂದಲು ದಿಂಬಿಗೆ ಉಜ್ಜಿ ಸಿಕ್ಕುಗಟ್ಟಿತ್ತು.

"ಹೀಗೆ ಕಳಿಸೋದು ಬೇಡ," ಎಂದಳು ಮಾರಿತಾ. "ದಿನಾ ನಾನೇ ಬಾಚ್ತಿದ್ದೆ. ಸ್ವಲ್ಪ ನೀರು ತರ್ತೀಯಾ?"

ಪ್ರಫುಲ್ಲಾ ಅಡುಗೆಮನೆಯಿಂದ ಬಟ್ಟಲಲ್ಲಿ ಬೆಚ್ಚಗಿನ ನೀರು ತಂದು ಹಿಡಿದು ನಿಂತಳು. ಮಾರಿತಾ ಬಾಚಣಿಗೆ ಅದ್ದಿ, ತುದಿಯಿಂದ ಮೇಲಕ್ಕೆ, ನೋಯಬಾರದೆಂಬಂತೆ ಮೆಲ್ಲಗೆ ಸಿಕ್ಕು ಬಿಡಿಸತೊಡಗಿದಳು. ಆಗ ಮಾರಿತಾಳ ಜೇಬಿನೊಳಗೆ ಫೋನು ಮೃದುವಾಗಿ ಎರಡು ಸಲ ದನಿ ಮಾಡಿತು.

ಆ ದನಿಯನ್ನು ಆಯ್ದವಳು ಪ್ರಫುಲ್ಲಾಳೇ. ಮುದುಕರು ಬೆಚ್ಚಬಾರದೆಂದು ಹತ್ತಾರು ದನಿ ಕೇಳಿ ಇದನ್ನು ಇಟ್ಟಿದ್ದಳು. ಬಟ್ಟಲು ಕೆಳಗಿಟ್ಟು ಮಾರಿತಾಳ ಜೇಬಿನಿಂದ ಫೋನು ತೆಗೆದಳು. 'ಅಸ್ತಾ ಅವರಿಗೆ ಬೆಳಗಿನ ಮಾತ್ರೆ ಕೊಟ್ಟಿರಾ?' ಎಂದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿಗಳು: 'ಕೊಟ್ಟೆ', 'ಆಮೇಲೆ'. ಅವಳು 'ಆಮೇಲೆ' ಒತ್ತಿದಳು. ಬೇರೇನನ್ನು ಒತ್ತುವುದು? ತುಸು ಹೊತ್ತಿಗೆ ಮತ್ತೆ ಅದೇ ಮೃದು ದನಿ. ಈಗ ಹೋಕನ್ ಬಾಗಿಲಲ್ಲಿ ನಿಂತಿದ್ದ. "ಏನದು?" ಎಂದ.

"ಏನೂ ಇಲ್ಲ," ಎಂದಳು ಪ್ರಫುಲ್ಲಾ. ಗುಂಡಿ ಒತ್ತಿಹಿಡಿದು ಫೋನನ್ನೇ ಆರಿಸಿದಳು. ಪರದೆಯ ಮೂಲೆಯಲ್ಲಿ ಹಸಿರು ಗುರುತು ಕೊನೆಯ ತನಕ ಹಾಗೇ ಇತ್ತು.

ಹೊರಡುವ ಮುಂಚೆ ಮಾರಿತಾ ಅಸ್ತಾಳ ಕೆನ್ನೆ ಸವರಿದಳು. ಪ್ರಫುಲ್ಲಾಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಂಬಳಿಯ ಮೇಲಿಂದಲೇ ಆ ಪಾದಗಳನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಹೋಕನ್ ಅದನ್ನು ನೋಡಿದ, ಬಾಗಿಲ ತನಕ ಬಂದು ಇಬ್ಬರ ಕೈಯನ್ನೂ ಹಿಡಿದು ಬೀಳ್ಕೊಟ್ಟ.

ಕಾರಿನಲ್ಲಿ ಕೂತ ಮೇಲೂ ಮಾರಿತಾ ಕೀಲಿ ತಿರುಗಿಸಲಿಲ್ಲ.

"ನನ್ನನ್ನ ಬೈಬೇಕು ಅನ್ನಿಸಿದರೆ ಬೈಯಿರಿ," ಎಂದಳು ಪ್ರಫುಲ್ಲಾ.

"ಬೈದು ಏನು ಮಾಡಲಿ? ಹಳೆಯ ಆ್ಯಪ್ ಆಗಿದ್ದರೂ ಇಲ್ಲಿ ಏನೂ ತೋರಿಸ್ತಿರಲಿಲ್ಲ, ನಾನು ನೆನಪಿನ ಮೇಲೇ ಒಳಗೆ ಹೋಗ್ತಿದ್ದೆ." ಮಾರಿತಾ ಮೂಗು ಒರೆಸಿಕೊಂಡಳು. "ಅಷ್ಟು ಜೋರಾಗಿ ಕೂಗಬಾರದಿತ್ತು ನಾನು. ಸೋಮಾರಿ ಅಂದುಬಿಟ್ಟೆ."

ಮರಳಿ ದಿಬ್ಬ ಹತ್ತಿದಾಗ ಮಾರಿತಾಳ ಸ್ವಂತ ಫೋನು ಟಣ್ ಎಂದಿತು. ಕಚೇರಿಯ ಮೇಲ್ವಿಚಾರಕಿ ಕೆಲಸಕ್ಕೆ ಬಂದವಳೇ ಕಳಿಸಿದ ಸಂದೇಶ: ಅಸ್ತಾ ರಾತ್ರಿ ತೀರಿಕೊಂಡಳು, ಅಲ್ಲಿಗೆ ಹೋಗಬೇಡ, ನಿನಗೆ ದುಃಖವಾಗುತ್ತದೆ ಅಂತ ಗೊತ್ತು. ಮಾರಿತಾ ಅದನ್ನು ಓದಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಇನ್ನೂ ಐದು ಮನೆ ಬಾಕಿ ಇದ್ದವು. ಐದಕ್ಕೂ ಹೋದರು.

ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದಾಗ ಧೀರಜ್ ಫೋನ್ ಮಾಡಿದ. "ಹೇಗಾಯ್ತು ನಿಮ್ಮ ಟ್ರಯಲ್ಲು?"

ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. "ಸೋ, ಡಿಸೈಡ್ ಆಯ್ತಲ್ಲ," ಎಂದ. "ಸ್ಟೋರ್ ಮಾಡೋದ್ ಬೇಡ."

"ಏನ್ ಡಿಸೈಡ್ ಆಯ್ತು? ಅಲ್ಲಿ ನೆಟ್‌ವರ್ಕೇ ಇರ್ಲಿಲ್ಲ. ನಿಮ್ಮ ಆ್ಯಪ್ ಆಗಿದ್ರೆ ಎಂಟು ಮನೇಲೂ ವೈಟ್ ಸ್ಕ್ರೀನ್ ತೋರಿಸ್ತಿತ್ತು."

"ತೋರಿಸ್ಲಿ. ವೈಟ್ ಸ್ಕ್ರೀನ್ ಸುಳ್ಳು ಹೇಳಲ್ಲ."

"ನಾ ಇವತ್ತ ಏನ್ ನೋಡ್ಕೊಂಡ್ ಬಂದೇನಿ ಅಂತ ಹೇಳಾಕತ್ತೀನಿ, ನಿಮಗ ಗೆಲ್ಲೂದಷ್ಟ ಬೇಕಾಗೇದ!" ಎಂದು ಕೂಗಿದಳು. ಬಸ್‌ಸ್ಟಾಪಿನಲ್ಲಿದ್ದ ಹುಡುಗಿ ತಿರುಗಿ ನೋಡಿದಳು. ಪ್ರಫುಲ್ಲಾ ಫೋನ್ ಕತ್ತರಿಸಿ, ಬಸ್ಸಿನಲ್ಲಿ ಉಮೆಯೊ ಬರುವ ತನಕ ಕಣ್ಣು ಮುಚ್ಚಿ ಕೂತಳು. ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಹಸಿರು ಗುರುತು.

ಮನೆಯಲ್ಲಿ ರಘುನಾಥ ಅನ್ನ ಸಾರು ಮಾಡಿಟ್ಟಿದ್ದ. ಅವಳ ಮುಖ ನೋಡಿದವನೇ ತಟ್ಟೆ ಇಟ್ಟು ಬಡಿಸಿದ.

ಮರುದಿನ ಬೆಳಿಗ್ಗೆ ಅವಳು ಸರ್ವರಿನ ದಾಖಲೆ ತೆರೆದು ನೋಡಿದಳು. ರಾತ್ರಿಯ ನರ್ಸು ಮಾತಿಗೆ ತಪ್ಪಿರಲಿಲ್ಲ. ಮಾರಿತಾಳ ಕಾರು ಕಚೇರಿಯಿಂದ ಹೊರಟ ಸ್ವಲ್ಪ ಹೊತ್ತಿಗೇ ಅಸ್ತಾಳ ಸಾವಿನ ಸುದ್ದಿ ಸರ್ವರಿಗೆ ಬಂದಿತ್ತು. ಅವರು ಮೊದಲ ಮನೆಯಲ್ಲಿ ಗಂಜಿ ಕಾಯಿಸುವಾಗಲೇ ಅದು ಅಲ್ಲಿತ್ತು. ಆಮೇಲೆ ಅವರು ದಿಬ್ಬ ಹತ್ತಿದ್ದರು, ಟವರಿನ ದೀಪ ಕಾಣುವ ಬಯಲಿನಲ್ಲಿ ಸಾಗಿದ್ದರು. ಆ ಬಯಲು ದಾಟುವಷ್ಟು ಹೊತ್ತು ಫೋನಿಗೆ ನೆಟ್‌ವರ್ಕ್ ಇತ್ತು. ಆದರೆ ಅದು ಕೇಳಲಿಲ್ಲ. ಬೆಳಿಗ್ಗೆ ಒಮ್ಮೆ ತಂದ ಮೇಲೆ ಸಂಜೆಯ ತನಕ ಮತ್ತೆ ಕೇಳಬೇಡ, ಬ್ಯಾಟರಿ ಉಳಿಯಲಿ ಎಂದು ಅದಕ್ಕೆ ಹೇಳಿದ್ದವಳು ಅವಳೇ. ನೆಟ್‌ವರ್ಕ್ ಇಲ್ಲದ ಕಡೆಯ ಬಗ್ಗೆ ಒಂದು ತಿಂಗಳು ವಾದ ಮಾಡಿದವಳು, ನಡುವೆ ಚೂರುಪಾರು ನೆಟ್‌ವರ್ಕ್ ಸಿಗುವ ಜಾಗದ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಕಾಫಿ ಆರಿಹೋಯಿತು. ಆಮೇಲೆ ಧೀರಜ್‌ನ ನಂಬರು ಒತ್ತಿದಳು.

"ಹೇಳಿ," ಎಂದ ಅವನು.

"ಹೇಳಿ ಗೀಳಿ ಎಲ್ಲ ಬಿಡು. ನಿನ್ನೆ ನೀನ್ ಹೇಳಿದ್ದು ಕರೆಕ್ಟು. ವೈಟ್ ಸ್ಕ್ರೀನ್ ಸುಳ್ಳು ಹೇಳಲ್ಲ, ನನ್ನ ಸ್ಕ್ರೀನ್ ಹೇಳ್ತು. ಡೇಟಾ ಹಳೇದಾಗಿತ್ತು ಅನ್ನೋದು ಪ್ರಾಬ್ಲಮ್ ಅಲ್ಲ ಕಣೋ. ಹಳೇದು ಅಂತ ಬಾಯ್ಬಿಟ್ಟು ಹೇಳ್ಲಿಲ್ಲ, ಅದು ಪ್ರಾಬ್ಲಮ್. ಜೊತೆಗೆ ಕೇಳೋ ಚಾನ್ಸ್ ಇದ್ದಾಗ ಕೇಳ್ಲೂ ಇಲ್ಲ." ದಿಬ್ಬದ ವಿಷಯ ಹೇಳಿದಳು.

"ನಾನೂ ನಿನ್ನೆ ಹಂಗ್ ಮಾತಾಡ್ಬಾರ್ದಿತ್ತು ಮಾರಾಯ್ತಿ," ಎಂದ ಧೀರಜ್. "ರಾತ್ರಿ ಫುಲ್ ಅದೇ ತಲೇಲಿತ್ತು. ಎಂಟು ಮನೆ ವೈಟ್ ಸ್ಕ್ರೀನ್ ಅಂದ್ಯಲ್ಲ. ಅದ್ರಲ್ಲಿ ಒಬ್ರಿಗೆ ರಾಂಗ್ ಮಾತ್ರೆ ಕೊಟ್ಟಿದ್ರೆ? ಆಯ್ತು, ಸ್ಟೋರ್ ಮಾಡೋಣ. ಆದ್ರೆ ಏನೇನ್ ಸ್ಟೋರ್ ಮಾಡ್ಬೇಕು ಅಂತ ನಾನ್ ಹೇಳ್ತೀನಿ."

"ಹೇಳು."

"ಒಬ್ರ ಫೋನಲ್ಲಿ ಅವ್ರ ಇವತ್ತಿನ ಮನೆಗಳು ಮಾತ್ರ. ಡ್ಯೂಟಿ ಮುಗಿದ ತಕ್ಷಣ ಎಲ್ಲ ಡಿಲೀಟ್. ಬಾಗಿಲಿನ ಕೋಡ್ ಲಾಕ್ ಆಗಿರ್ಬೇಕು, ಆ ಮನೆ ಟೈಮ್ ಹತ್ರ ಬಂದಾಗಷ್ಟೇ ಓಪನ್."

"ಒಪ್ಕೊಂಡೆ. ಮತ್ತೆ ನೆಟ್‌ವರ್ಕ್ ಒಂದ್ ಚೂರ್ ಸಿಕ್ರೂ ಕೇಳ್ಬೇಕು. ಎಲ್ಲಾನೂ ಕೇಳೋದ್ ಬೇಡ, ಬೆಳಿಗ್ಗೆಯಿಂದ ಏನ್ ಚೇಂಜ್ ಆಗಿದೆ ಅಷ್ಟು ಮಾತ್ರ. ತೀರ್ಕೊಂಡಿದಾರಾ, ಆಸ್ಪತ್ರೆಗೆ ಹೋಗಿದಾರಾ, ಮಾತ್ರೆ ಬದ್ಲಾಗಿದೆಯಾ, ಇವು ಫಸ್ಟ್. ಅಷ್ಟಕ್ಕೆ ಒಂದು ಎಸ್ಸೆಮ್ಮೆಸ್ ಹೋಗೋಷ್ಟು ನೆಟ್‌ವರ್ಕ್ ಇದ್ರೆ ಸಾಕು."

"ಅವ್ರು ಬರೆಯೋದು? ಎಂಟ್ರಿ ಮಾಡಿದ್ದು ಅಪ್‌ಲೋಡ್ ಆಗೋಕ್ ಮುಂಚೆ ಇನ್ನೊಬ್ರು ಬೇರೆ ಏನೋ ಬರೆದಿದ್ರೆ?"

ಪ್ರಫುಲ್ಲಾ ಯೋಚಿಸಿದಳು. "ಎರಡನ್ನೂ ಇಟ್ಕೊಂಡು ಎರಡನ್ನೂ ತೋರ್ಸೋಣ. ಯಾರದ್ದು ಸರಿ ಅಂತ ಫೋನ್ ತೀರ್ಮಾನ ಮಾಡೋದ್ ಬೇಡ."

ಹೀಗೆ ಒಂದು ತಿಂಗಳಲ್ಲಿ ಮುಗಿಯದ್ದು ಊಟದ ಹೊತ್ತಿಗೆ ಮುಗಿಯಿತು. ಫೋನಿಡುವ ಮುಂಚೆ ಧೀರಜ್ ಕೇಳಿದ: "ಆ ಅಜ್ಜೀನ ನೋಡಿದ್ಯಾ ನೀನು?"

"ಹೂಂ. ತಲೆ ಬಾಚೋವಾಗ ನೀರು ಹಿಡ್ಕೊಂಡಿದ್ದೆ."

"ಊಟ ಮಾಡು ಹೋಗು," ಎಂದ ಅವನು.

ಐದನೆಯ ಮೀಟಿಂಗು ಬೇಗ ಮುಗಿಯಬಹುದೆಂದು ಪ್ರಫುಲ್ಲಾ ಅಂದುಕೊಂಡಿದ್ದು ತಪ್ಪಾಯಿತು. ಹಸಿರು ಗುರುತಿನ ಜಾಗದಲ್ಲಿ ಅವಳೊಂದು ಬಣ್ಣದ ಪಟ್ಟಿ ಹಾಕಿದ್ದಳು. ಮಾಹಿತಿ ಯಾವ ಹೊತ್ತಿನದು ಎಂದು ಅದು ಪ್ರತಿ ಮನೆಯ ಹೆಸರಿನ ಮೇಲೆ ಹೇಳುತ್ತಿತ್ತು. ಕೇಳಿ ಬಹಳ ಹೊತ್ತಾಗಿದ್ದರೆ ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿ, 'ಇದಾದ ಮೇಲೆ ಏನು ನಡೆದಿದೆಯೋ ಗೊತ್ತಿಲ್ಲ' ಎಂದು ದಪ್ಪಕ್ಷರದಲ್ಲಿ ಹೇಳುತ್ತಿತ್ತು.

ಪರದೆಗಳ ಅಂದಚಂದ ನೋಡಿಕೊಳ್ಳುತ್ತಿದ್ದ ಲೀನುಸ್‌ಗೆ ಅದು ಹಿಡಿಸಲಿಲ್ಲ. "ಇಷ್ಟು ದೊಡ್ಡದಾ? ಜನಕ್ಕೆ ಗಾಬರಿಯಾಗುತ್ತೆ. ನಮ್ಮ ಆ್ಯಪ್ ಮೇಲೇ ನಂಬಿಕೆ ಹೋಗುತ್ತೆ. ಮೂಲೆಯಲ್ಲಿ ಸಣ್ಣದಾಗಿ ಬೂದು ಬಣ್ಣದಲ್ಲಿ ಹಾಕಬಹುದಲ್ಲ?"

ಆನೆಲಿ ತಲೆಯಾಡಿಸಿದಳು. "ಎಲ್ಲರ ಅಭಿಪ್ರಾಯ ಕೇಳೋಣ. ಬೇಕಿದ್ದರೆ ಮುಂದಿನ ವಾರ ಮತ್ತೊಮ್ಮೆ ಕೂತು..."

"ಇಲ್ಲ," ಎಂದಳು ಪ್ರಫುಲ್ಲಾ.

ಆ ಕೋಣೆಯಲ್ಲಿ ಆ ಪದವನ್ನು ಯಾರೂ ಹಾಗೆ ಒಂಟಿಯಾಗಿ ಬಿಟ್ಟಿರಲಿಲ್ಲ. "ಇನ್ನೊಂದು ವಾರ ನನ್ನಿಂದಾಗಲ್ಲ. ಸತ್ತವರ ತಲೆ ಬಾಚುವಾಗ ನಾನು ಮಾಡಿದ ಆ್ಯಪ್ ಅವರಿಗೆ ಮಾತ್ರೆ ಕೊಟ್ಟಿರಾ ಅಂತ ಕೇಳ್ತಾ ಇತ್ತು. ಎರಡು ಸಲ ಕೇಳ್ತು. ಅದಕ್ಕೆ ಏನೂ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಹಸಿರು ಗುರುತು ಹಾಕಿತ್ತು. ನಂಬಿಕೆ ಹೋದರೆ ಹೋಗಲಿ. ಬೂದು ಬಣ್ಣದಲ್ಲಿ ಹಾಕುವುದಾದರೆ ಬೇರೆ ಯಾರಾದರೂ ಹಾಕಲಿ."

ಲೀನುಸ್ ಕೆಂಪಾದ. ಪರದೆಯ ಮೇಲಿಂದ ಧೀರಜ್, "ನಾನು ಪ್ರಫುಲ್ಲಾಳ ಜೊತೆ," ಎಂದ. ಆನೆಲಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಸರಿ," ಎಂದಳು ಕೊನೆಗೆ. "ಹಾಗೇ ಮಾಡೋಣ."

ತಲೆಗಳೆಲ್ಲ ಒಂದೇ ದಿಕ್ಕಿಗೆ ಆಡಿದವೋ ಇಲ್ಲವೋ ಪ್ರಫುಲ್ಲಾ ನೋಡಲಿಲ್ಲ. ಗೆದ್ದ ಸಂತೋಷವೂ ಆಗಲಿಲ್ಲ. ಅವತ್ತು ಬೇಗ ಮನೆಗೆ ಹೋಗಿ, ದಿಯಾಳ ಜೊತೆ ಅವಳ ಸಣ್ಣ ಹಾಸಿಗೆಯಲ್ಲೇ ಮಲಗಿ ಬೆಳಗಿನ ತನಕ ಏಳಲಿಲ್ಲ.

ಆ್ಯಪ್ ಫೆಬ್ರವರಿಯಲ್ಲಿ ಬಳಕೆಗೆ ಬಂತು. ಲೀನುಸ್ ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ, ಕಿತ್ತಳೆ ಪಟ್ಟಿ ನೋಡಿದರೆ ಎದೆ ಧಸಕ್ಕೆನ್ನುತ್ತದೆಂದು ಇಬ್ಬರು ಮೂವರು ದೂರು ಬರೆದರು. ಒಬ್ಬಾಕೆ ಪ್ರತಿ ಮನೆಗೂ ಮುಂಚೆ ನೆಟ್‌ವರ್ಕ್ ಸಿಗುವ ತನಕ ಕಾರು ಓಡಿಸಿಕೊಂಡು ಹೋಗಿ ತಡ ಮಾಡಿಕೊಂಡಳಂತೆ. ಹೊಗಳಿ ಯಾರೂ ಬರೆಯಲಿಲ್ಲ.

ಮಾರ್ಚಿನ ಮೊದಲ ವಾರ, ಬೆಳಕು ಸಂಜೆಯ ತನಕ ನಿಲ್ಲತೊಡಗಿದಾಗ, ಮಾರಿತಾಳ ಸಂದೇಶವೊಂದು ಬಂತು. ಒಬ್ಬ ಮುದುಕನನ್ನು ರಾತ್ರಿ ಆಸ್ಪತ್ರೆಗೆ ಒಯ್ದಿದ್ದರು, ಅದು ನನಗೆ ಅರ್ಧ ದಾರಿಯಲ್ಲೇ ತಿಳಿಯಿತು, ಕಾರು ತಿರುಗಿಸಿಕೊಂಡು ಹೋದೆ ಎಂದು ಬರೆದಿದ್ದಳು. ಅದರ ಕೆಳಗೆ: 'ಆದರೆ ಅಕ್ಷರ ವಿಪರೀತ ದೊಡ್ಡದು. ಮನೆಯ ವಿಳಾಸವೇ ಮುಚ್ಚಿಹೋಗುತ್ತದೆ. ಇದನ್ನು ಯಾರು ಮಾಡಿದ್ದು?'

ಪ್ರಫುಲ್ಲಾ ಒಬ್ಬಳೇ ನಕ್ಕಳು. ಸಂದೇಶವನ್ನು ಧೀರಜ್‌ಗೂ ಲೀನುಸ್‌ಗೂ ಕಳಿಸಿ, ಅಕ್ಷರವನ್ನು ಒಂದು ಅಳತೆ ಚಿಕ್ಕದು ಮಾಡಿ ನೋಡಿದಳು. ವಿಳಾಸ ಕಾಣಿಸಿತು. ಕಿತ್ತಳೆ ಬಣ್ಣವನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಮುಚ್ಚಿ ಕೋಟು ಹಾಕಿಕೊಳ್ಳುವಾಗ ಲೀನುಸ್ ಬಾಗಿಲಲ್ಲಿ ತಲೆ ಹಾಕಿ, "ಮೂಲೆಯಲ್ಲಿ ಹಾಕೋಣ ಅಂದಿದ್ದೆ ನಾನು," ಎಂದ.

"ನಾಳೆ ಜಗಳಾಡೋಣ," ಎಂದಳು ಪ್ರಫುಲ್ಲಾ. "ಈಗ ಡಾಗಿಸ್ ಮುಚ್ಚುತ್ತೆ."